ಪ್ರತಿಕ್ರಿಯೆ: ಮುರುಗಲು ಪುಡಿ ಯಾಕೆ ಗಂಟು ಕಟ್ಟುತ್ತದೆ?

ಶಿರಸಿಯಲ್ಲಿ ನಿಮ್ಮ ಸ್ಪ್ರೇ ಡ್ರೈ (ರಸವನ್ನು ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದ) ಮುರುಗಲು ಪುಡಿ ಜೂನ್ ಬಂದ ಕೂಡಲೇ ಗಂಟು ಕಟ್ಟುತ್ತದೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿಸಿದರೆ ಕಾರಣ ಸಿಗುತ್ತದಾ ಅಂತ ಕೇಳಿದ್ದೀರಿ. ಬಹಳಷ್ಟು ಸಿಗುತ್ತದೆ. ಖಂಡಿತ ನೋಡಿಸಿ.

ಒಳ್ಳೆಯ ಪುಡಿಯಲ್ಲಿ ಕಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಗಂಟಿನಲ್ಲಿ ಎರಡು ಕಣಗಳ ನಡುವೆ ಬೆಸುಗೆ ಇರುತ್ತದೆ. ಆ ಜಾಗದ ಫೋಟೋವನ್ನೇ ಹತ್ತಿರದಿಂದ ತೆಗೆಸಿ. ಬೆಸುಗೆ ನುಣುಪಾಗಿದ್ದರೆ ಮೇಲಿನ ಪದರ ಮೆತ್ತಗಾಗಿ ಹರಿದು ಅಂಟಿದೆ ಅನ್ನಬಹುದು. ಚೂಪು ಹರಳು ಕಂಡರೆ ಸಕ್ಕರೆ ತೇವ ಹೀರಿ ಆಮೇಲೆ ಹರಳಾಗಿರುವ ಸಾಧ್ಯತೆ ಜಾಸ್ತಿ.

ಸರಸರ ಒಣಗಿದ ಸಕ್ಕರೆ ಗಾಜಿನ ಹಾಗೆ ಗಟ್ಟಿ ಇರುತ್ತದೆ. ಒಂದು ಉಷ್ಣತೆ ದಾಟಿದರೆ ಅಂಟಾಗುತ್ತದೆ. ಇದಕ್ಕೆ ಗ್ಲಾಸ್ ಟ್ರಾನ್ಸಿಶನ್ ಅನ್ನುತ್ತಾರೆ. ಒಣ ಗ್ಲೂಕೋಸಿಗೆ ಅದು ಸುಮಾರು 31 ಡಿಗ್ರಿ ಸೆಲ್ಸಿಯಸ್, ಫ್ರಕ್ಟೋಸಿಗೆ ಬರೀ 5ರ ಆಸುಪಾಸು. ತೇವ ಸೇರಿದರೆ ಇನ್ನೂ ಕೆಳಗೆ. ನಮ್ಮ ಘಟ್ಟದ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲ ಇದ್ದರೂ ಸಾಕು, ಅಲ್ವಾ? ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಸೇರಿಸುವುದು ಇದಕ್ಕೇ. ಒಣಗಿದ್ದಾಗ ಅದರ ಗ್ಲಾಸ್ ಟ್ರಾನ್ಸಿಶನ್ 100 ಡಿಗ್ರಿಗಿಂತ ಎಷ್ಟೋ ಮೇಲಿದೆ.

ಎಕ್ಸ್‌ಪಿಎಸ್ (ಎಕ್ಸ್‌-ರೇ ಬಿಟ್ಟು ಮೇಲ್ಮೈ ನೋಡುವ ಪರೀಕ್ಷೆ) ಕೂಡ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಅದು ಮೇಲಿನ ಸುಮಾರು 10 ನ್ಯಾನೋಮೀಟರ್ ಪದರದಲ್ಲಿ ಯಾವ ಮೂಲಧಾತು ಇದೆ ಅಂತ ತೋರಿಸುತ್ತದೆ. ಹಾಲಿನ ಪುಡಿ, ತೆಂಗಿನಹಾಲಿನ ಪುಡಿಗೆ ಬಹಳ ಉಪಯೋಗ, ಕೊಬ್ಬು ಮೇಲೆ ಬಂದಿದ್ದು ಗೊತ್ತಾಗುತ್ತದೆ. ನಿಮ್ಮ ಪುಡಿಯಲ್ಲಿ ಸಕ್ಕರೆಯೂ ಮಾಲ್ಟೋಡೆಕ್ಸ್ಟ್ರಿನ್ನೂ ಅದರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಸುಮ್ನೆ ದುಡ್ಡು ಹಾಕಬೇಡಿ. ಬದಲಿಗೆ ಡಿಎಸ್‌ಸಿ (ಗ್ಲಾಸ್ ಟ್ರಾನ್ಸಿಶನ್ ಉಷ್ಣತೆ ತೋರಿಸುವ ಪರೀಕ್ಷೆ) ಮಾಡಿಸಿ, ವಾಟರ್ ಆಕ್ಟಿವಿಟಿ (ಪುಡಿಯಲ್ಲಿ ನೀರು ಎಷ್ಟು ಬಿಡಿಯಾಗಿದೆ ಅನ್ನುವ ಅಳತೆ) ಅಳೆಸಿ.

ಹೊಸ ಪುಡಿ, ಗಂಟಾದ ಪುಡಿ ಎರಡನ್ನೂ ಬೇರೆ ಬೇರೆ ಫಾಯಿಲ್ ಪೌಚಿನಲ್ಲಿ ಸೀಲ್ ಮಾಡಿ ಕಳಿಸಿ. ಪೌಚನ್ನು ಲ್ಯಾಬಿನವರೇ ಬಿಚ್ಚಲಿ.