ಸಣ್ಣ ವಿಮಾನ, ಕೆಳಗೆ ಹಾರುವ ಫೈಟರ್: ಒಂದೇ ಆಕಾಶದಲ್ಲಿ ಇಬ್ಬರೂ ಹೇಗೆ?

ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕಲಿಯುತ್ತಿದ್ದೇನೆ. ಮೊನ್ನೆ ಒಬ್ಬಳೇ ಕ್ರಾಸ್ ಕಂಟ್ರಿ, ಅಂದರೆ ದೂರದ ಇನ್ನೊಂದು ನಿಲ್ದಾಣಕ್ಕೆ ಹಾರಿಸಿಕೊಂಡು ಹೋಗಿದ್ದಾಗ ನನ್ನ ಸಣ್ಣ ಸೆಸ್ನಾ ವಿಮಾನದ ಕೆಳಗೆ ಒಂದು ಫೈಟರ್ ಜೆಟ್ ಹಾದು ಹೋಯಿತು. ಎಲ್ಲಿಂದ ಬಂತು ಅಂತ ತಿಳಿಯುವಷ್ಟರಲ್ಲಿ ಮಾಯ. ಇನ್‌ಸ್ಟ್ರಕ್ಟರ್‌ಗೆ ಹೇಳಿದರೆ "ಕಣ್ಣು ಬಿಟ್ಟುಕೊಂಡು ಹಾರಿಸು" ಅಂದರು. ಅಷ್ಟು ಸಾಕಾ? ಅವರು ಅಷ್ಟು ಕೆಳಗೆ, ಅಷ್ಟು ವೇಗವಾಗಿ ಹಾರಬಹುದಾ?

ಉತ್ತರ: ಹಾರಬಹುದು. ಕಣ್ಣು ಬಿಟ್ಟುಕೊಂಡಿದ್ದರೆ ಸಾಕಾ ಅಂದರೆ, ಸಾಲದು. ಎರಡನ್ನೂ ವಿವರಿಸುತ್ತೇನೆ.

ಅಮೆರಿಕದಲ್ಲಿ 10,000 ಅಡಿಗಿಂತ ಕೆಳಗೆ ಯಾವ ವಿಮಾನವೂ 250 ನಾಟ್ (ಗಂಟೆಗೆ ಸುಮಾರು 460 ಕಿಲೋಮೀಟರ್) ವೇಗ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಮಿಲಿಟರಿ ಟ್ರೈನಿಂಗ್ ರೂಟ್‌ಗಳಲ್ಲಿ, ಅಂದರೆ ಸೇನೆಯ ವಿಮಾನಗಳು ಕೆಳಗೆ ವೇಗವಾಗಿ ಹಾರಿ ಅಭ್ಯಾಸ ಮಾಡುವ ದಾರಿಗಳಲ್ಲಿ, ಇದಕ್ಕೆ ವಿನಾಯಿತಿ ಇದೆ. ನಿಮ್ಮ ಸೆಕ್ಷನಲ್ ಚಾರ್ಟ್‌ನಲ್ಲಿ (ಪೈಲಟ್‌ಗಳು ಬಳಸುವ ನಕ್ಷೆ) ತೆಳು ಬೂದು ಗೆರೆಗಳು ಇರುತ್ತವಲ್ಲ, ಪಕ್ಕದಲ್ಲಿ ವಿಆರ್ ಅಥವಾ ಐಆರ್ ಅಂತ ಬರೆದು ಒಂದು ಸಂಖ್ಯೆ ಹಾಕಿರುತ್ತಾರೆ. ಅವೇ ಈ ರೂಟ್‌ಗಳು. ವಿಆರ್ ರೂಟ್‌ನಲ್ಲಿ ಪೈಲಟ್ ಹೊರಗೆ ನೋಡಿಕೊಂಡೇ ಹಾರಬೇಕು. ಕನಿಷ್ಠ 5 ಮೈಲಿ ದೂರ ಕಾಣುತ್ತಿರಬೇಕು, ಮೋಡದ ತಳ ನೆಲದಿಂದ 3,000 ಅಡಿಗಿಂತ ಕೆಳಗೆ ಇರಬಾರದು. ಐಆರ್ ರೂಟ್‌ನಲ್ಲಿ ಇನ್‌ಸ್ಟ್ರುಮೆಂಟ್ ನಿಯಮದ ಪ್ರಕಾರ ಹಾರುತ್ತಾರೆ, ಹವೆ ಹೇಗಿದ್ದರೂ ಸರಿ.

ಆ ಸಂಖ್ಯೆಯನ್ನು ಬಹಳ ಜನ ಗಮನಿಸುವುದೇ ಇಲ್ಲ. ನಾಲ್ಕು ಅಂಕಿ ಇದ್ದರೆ ಇಡೀ ರೂಟ್ ನೆಲದಿಂದ 1,500 ಅಡಿಯ ಒಳಗೇ ಇರುತ್ತದೆ. ಮೂರು ಅಂಕಿ ಇದ್ದರೆ ಎಲ್ಲೋ ಒಂದು ಕಡೆಯಾದರೂ 1,500 ಅಡಿಗಿಂತ ಮೇಲೆ ಹೋಗುತ್ತದೆ. ಎಷ್ಟು ಮೇಲೆ ಅನ್ನೋದು ಸೆಕ್ಷನಲ್ ಚಾರ್ಟ್‌ನಲ್ಲಿ ಇರುವುದಿಲ್ಲ. ರೂಟ್‌ನ ಅಗಲವೂ ಇರುವುದಿಲ್ಲ. ಗೆರೆ ತೆಳ್ಳಗಿದೆ ಅಂತ ವಿಮಾನ ಗೆರೆಯ ಮೇಲೇ ಬರುತ್ತದೆ ಅಂದುಕೊಳ್ಳಬೇಡಿ. ಆಚೆ ಈಚೆ ಹಲವು ಮೈಲಿ ಅಗಲದ ದಾರಿ ಅದು. ಅದರೊಳಗೆ ಅವರು ಎಲ್ಲಿ ಬೇಕಾದರೂ ಇರಬಹುದು.

ಈಗ ಕಣ್ಣಿನ ವಿಷಯ. ಎದುರಿಗೆ ಬರುವ ವಿಮಾನ ಕಣ್ಣಿಗೆ ಬಿದ್ದ ಕ್ಷಣದಿಂದ ನಿಮ್ಮ ವಿಮಾನ ನಿಜವಾಗಿ ಪಕ್ಕಕ್ಕೆ ಸರಿಯುವವರೆಗೆ ಎಷ್ಟು ಹೊತ್ತು ಬೇಕು? ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಪೈಲಟ್‌ಗಳಿಗೆ ಕೊಡುವ ಲೆಕ್ಕ 12.5 ಸೆಕೆಂಡ್. ಏನೋ ಇದೆ ಎಂದು ಕಂಡು ಅದು ವಿಮಾನ ಎಂದು ಗುರುತಿಸಲು ಒಂದು ಸೆಕೆಂಡಿನ ಆಸುಪಾಸು. ನನ್ನ ಮೇಲೇ ಬರುತ್ತಿದೆ ಎಂದು ಅರ್ಥವಾಗಲು 5 ಸೆಕೆಂಡ್. ಯಾವ ಕಡೆ ತಿರುಗಲಿ ಎಂದು ನಿರ್ಧರಿಸಲು 4. ಕೈ ಆಡಲು ಅರ್ಧ ಸೆಕೆಂಡಿಗೂ ಕಡಿಮೆ. ಆಮೇಲೆ ವಿಮಾನ ಮಾತು ಕೇಳಲು 2.

ಇದನ್ನು ನಿಮ್ಮ ಅನುಭವಕ್ಕೆ ಹಾಕಿ ನೋಡಿ. ಅವರು 480 ನಾಟ್, ನೀವು 110. ಎದುರುಬದುರಾದರೆ ಪ್ರತಿ ಸೆಕೆಂಡಿಗೆ ಸುಮಾರು 300 ಮೀಟರ್ ಹತ್ತಿರವಾಗುತ್ತೀರಿ. 12.5 ಸೆಕೆಂಡ್ ಸಿಗಬೇಕಾದರೆ ಅವರು 3.8 ಕಿಲೋಮೀಟರ್ ದೂರ ಇರುವಾಗಲೇ ನಿಮಗೆ ಕಂಡಿರಬೇಕು. ಎಫ್-16 ಫೈಟರ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 10 ಮೀಟರ್. ಆದರೆ ಎದುರಿನಿಂದ ನೋಡಿದರೆ ಆ ರೆಕ್ಕೆ ತೀರಾ ತೆಳು. ಅಷ್ಟು ದೂರದಿಂದ ಕಣ್ಣಿಗೆ ಸಿಗುವುದು ನಡುವಿನ ಒಡಲು ಮಾತ್ರ, ಅದೂ ಒಂದು ಬೂದು ಚುಕ್ಕೆ. ನೀವು ಮೇಲಿದ್ದು ಅವರು ಕೆಳಗಿದ್ದರೆ ಹಿಂದೆ ಆಕಾಶವೂ ಇಲ್ಲ, ಕಲ್ಲು ಮಣ್ಣಿನ ಬಣ್ಣದ ಮರುಭೂಮಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ. ಆದರೆ ನಿಮಗೆ ಡಿಕ್ಕಿ ಹೊಡೆಯಲಿರುವ ವಿಮಾನ ನಿಮ್ಮ ಗಾಜಿನಲ್ಲಿ ಚಲಿಸುವುದೇ ಇಲ್ಲ. ಗಾಜಿಗೆ ಅಂಟಿದ ಕೊಳೆಯ ಹಾಗೆ ನಿಂತಲ್ಲೇ ನಿಂತಿರುತ್ತದೆ. ಕೊನೆಯ ಕೆಲವು ಸೆಕೆಂಡಿನಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಪಕ್ಕಕ್ಕೆ ಸರಿಯುತ್ತಿರುವ ವಿಮಾನ ನಿಮಗೆ ಸುಲಭವಾಗಿ ಕಾಣುತ್ತದೆ, ಅದರಿಂದ ಅಪಾಯ ಕಡಿಮೆ. ಅಪಾಯ ಇರುವುದು ಕದಲದ ಚುಕ್ಕೆಯಲ್ಲಿ. ಅದಕ್ಕೇ ಹಾರುವ ಮೊದಲು ಗಾಜು ಚೆನ್ನಾಗಿ ಒರೆಸಿ. ಆಕಾಶವನ್ನು ಸುಮ್ನೆ ಸವರಿಕೊಂಡು ಹೋಗಬೇಡಿ. ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ, ಒಂದೊಂದರಲ್ಲೂ ಒಂದು ಸೆಕೆಂಡಾದರೂ ಕಣ್ಣು ನಿಲ್ಲಿಸಿ. ತಲೆ ಆಡಿಸಿ, ಕಿಟಕಿ ಕಂಬದ ಹಿಂದೆ ಏನಿದೆ ನೋಡಿ. ಖಾಲಿ ಆಕಾಶ ನೋಡುತ್ತಾ ಹೋದರೆ ಕಣ್ಣು ತಾನಾಗಿ ಹತ್ತಿರಕ್ಕೆ ಫೋಕಸ್ ಆಗಿಬಿಡುತ್ತದೆ. ಆಗಾಗ ದೂರದ ಬೆಟ್ಟದ ಮೇಲೆ ದೃಷ್ಟಿ ಇಟ್ಟು ಸರಿಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕಣ್ಣು ಕೊನೆಯ ರಕ್ಷಣೆ. ಮೊದಲನೆಯದು ನೀವು ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಆಗಬೇಕು. ನಾನು ಒತ್ತಿ ಹೇಳುವುದು ಇದನ್ನೇ.

ದಾರಿ ಹಾಕುವಾಗ ಯಾವ ಯಾವ ಬೂದು ಗೆರೆ ದಾಟುತ್ತೀರಿ ನೋಡಿ, ಸಂಖ್ಯೆ ಬರೆದುಕೊಳ್ಳಿ. ಪೈಲಟ್‌ಗಳಿಗೆ ಹವೆ ಮತ್ತು ದಾರಿಯ ಮಾಹಿತಿ ಕೊಡುವ ಫ್ಲೈಟ್ ಸರ್ವಿಸ್‌ಗೆ ಫೋನ್ ಮಾಡಿ ಆ ಸಂಖ್ಯೆ ಹೇಳಿಯೇ ಕೇಳಿ: "ಇಷ್ಟರಿಂದ ಇಷ್ಟು ಗಂಟೆಯೊಳಗೆ ಈ ರೂಟ್ ಹಾಟ್ ಇದೆಯಾ?" ಹಾಟ್ ಅಂದರೆ ಬಳಕೆಯಲ್ಲಿದೆ ಅಂತ. ನೀವಾಗಿ ಕೇಳದಿದ್ದರೆ ಈ ಮಾಹಿತಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಹಾರುವಾಗಲೂ ರೇಡಿಯೋದಲ್ಲಿ ಕೇಳಬಹುದು. ರೂಟ್‌ನಿಂದ 100 ನಾಟಿಕಲ್ ಮೈಲಿ ಒಳಗಿರುವ ಫ್ಲೈಟ್ ಸರ್ವಿಸ್ ಸ್ಟೇಷನ್‌ಗೆ ಅದರ ಸದ್ಯದ ಮಾಹಿತಿ ಇರುತ್ತದೆ. ಶನಿವಾರ ಭಾನುವಾರ ಎಲ್ಲ ಖಾಲಿ ಅಂತ ಭಾವಿಸಬೇಡಿ. ನ್ಯಾಷನಲ್ ಗಾರ್ಡ್‌ (ಮೀಸಲು ಪಡೆ) ನವರು ವಾರಾಂತ್ಯದಲ್ಲೂ ಅಭ್ಯಾಸ ಮಾಡುತ್ತಾರೆ.

ದಾಟುವುದಾದರೆ ನೇರ ಅಡ್ಡವಾಗಿ ದಾಟಿ. ರೂಟ್ 10 ಮೈಲಿ ಅಗಲ ಇದೆ ಅಂದುಕೊಳ್ಳಿ. 110 ನಾಟ್‌ನಲ್ಲಿ ಅಡ್ಡ ದಾಟಿದರೆ ಐದೂವರೆ ನಿಮಿಷ. ಅದೇ 30 ಡಿಗ್ರಿ ಓರೆಯಲ್ಲಿ ಹೋದರೆ ಹನ್ನೊಂದು ನಿಮಿಷ ಅದರೊಳಗೇ ಇರುತ್ತೀರಿ. ಗೆರೆಯ ಜೊತೆಜೊತೆಗೇ ಹೋಗುವುದಂತೂ ಬೇಡವೇ ಬೇಡ. ಗೆರೆಯ ಮೇಲಿನ ಬಾಣದ ಗುರುತು ಅವರು ಹೋಗುವ ದಿಕ್ಕನ್ನು ಹೇಳುತ್ತದೆ, ಅಂದರೆ ಅವರು ಬರುವುದು ಬಾಣದ ಬಾಲದ ಕಡೆಯಿಂದ. ದಾಟುವಾಗ ಆ ಕಡೆ ಜಾಸ್ತಿ ನೋಡಿ.

ಎತ್ತರವೂ ನಿಮ್ಮ ಕೈಯಲ್ಲೇ ಇದೆ. ನಾಲ್ಕು ಅಂಕಿಯ ರೂಟ್ ಆದರೆ 1,500 ಅಡಿಗಿಂತ ಸಾಕಷ್ಟು ಮೇಲೆ ದಾಟಿ. ಸರಿಯಾಗಿ 1,600ರಲ್ಲಿ ಹೋಗಿ ಬಚಾವಾದೆ ಅಂದುಕೊಂಡರೆ ತಪ್ಪು. ಹಕ್ಕಿ ಬಡಿದರೆ, ಎದುರಿಗೆ ಮೋಡ ಬಂದರೆ, ವಿಮಾನದಲ್ಲಿ ಏನಾದರೂ ಎಚ್ಚರಿಕೆಯ ದೀಪ ಹತ್ತಿದರೆ ಕೆಳಗೆ ಹಾರುವ ಫೈಟರ್ ಪೈಲಟ್ ಮಾಡುವ ಮೊದಲ ಕೆಲಸ ಮೂತಿ ಎತ್ತಿ ಮೇಲಕ್ಕೇರುವುದು. ಆ ಗಳಿಗೆಯಲ್ಲಿ ಮೇಲೆ ನೀವು ಇದ್ದೀರಾ ಎಂದು ಹುಡುಕಲು ಅವರಿಗೆ ಪುರುಸೊತ್ತು ಇರುವುದಿಲ್ಲ.

ಇನ್ನೊಂದು ಮಾತು. ನೀವು ಒಂದೇ ಜೆಟ್ ನೋಡಿದೆ ಅಂತ ಬರೆದಿದ್ದೀರಿ. ಹೆಚ್ಚಾಗಿ ಅಲ್ಲಿ ಎರಡು ಇದ್ದಿರಬೇಕು. ಫೈಟರ್‌ಗಳು ಜೋಡಿಯಾಗಿ ಹಾರುತ್ತವೆ. ಆದರೆ ಏರ್ ಶೋನಲ್ಲಿ ನೋಡುವ ಹಾಗೆ ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು ಅಲ್ಲ, ಒಂದು ಮೈಲಿ ಅಥವಾ ಇನ್ನೂ ಜಾಸ್ತಿ ಅಂತರದಲ್ಲಿ. ಒಂದು ಹಾದುಹೋದ ಕಡೆಯೇ ನೋಡುತ್ತಾ ಕೂತರೆ ಎರಡನೆಯದು ಇನ್ನೊಂದು ಪಕ್ಕದಿಂದ ಬಂದಿರುತ್ತದೆ. ಒಂದು ಕಂಡ ಕೂಡಲೇ ಜೊತೆಗಾರನನ್ನು ಹುಡುಕಿ.

ಪ್ರಶ್ನೆ: ಈ ಕಾಲದಲ್ಲಿ ಸಿಮ್ಯುಲೇಟರ್ ಇರುವಾಗ ನೆಲಕ್ಕೆ ಅಂಟಿಕೊಂಡು ಹಾರುವ ಅಭ್ಯಾಸ ಯಾಕೆ ಬೇಕು?

ಉತ್ತರ: ರೇಡಾರ್ ನೇರ ಗೆರೆಯಲ್ಲಿ ನೋಡುತ್ತದೆ, ಭೂಮಿ ಬಾಗಿದೆ. ಸಮತಟ್ಟಾದ ಜಾಗದಲ್ಲಿ ನೆಲದ ರೇಡಾರ್‌ಗೆ 30,000 ಅಡಿಯಲ್ಲಿರುವ ವಿಮಾನ ಸುಮಾರು 390 ಕಿಲೋಮೀಟರ್ ದೂರದಿಂದಲೇ ಕಾಣಬಹುದು. ಅದೇ ವಿಮಾನ 500 ಅಡಿಗೆ ಇಳಿದರೆ ಸುಮಾರು 50 ಕಿಲೋಮೀಟರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ನಡುವೆ ಬೆಟ್ಟ ಇದ್ದರೆ ಇನ್ನೂ ಹತ್ತಿರ ಬರಬಹುದು. ಯುದ್ಧದಲ್ಲಿ ಈ ವ್ಯತ್ಯಾಸ ಪ್ರಾಣ ಉಳಿಸುತ್ತದೆ. ಸಿಮ್ಯುಲೇಟರ್‌ನಲ್ಲಿ ಬಹಳಷ್ಟು ಕಲಿಯಬಹುದು, ನಿಜ. ಆದರೆ ನೆಲ ನಿಜವಾಗಿ ಸೆಕೆಂಡಿಗೆ 250 ಮೀಟರ್ ಹಿಂದೆ ಓಡುವಾಗ ಮೈಮೇಲೆ ಬೀಳುವ ಜಿ ಒತ್ತಡ, ಬಿಸಿಗಾಳಿಯ ಕುಲುಕಾಟ, ಮೈ ನಡುಗಿಸುವ ಭಯ ಅಲ್ಲಿ ಬರುವುದಿಲ್ಲ. ಅಷ್ಟು ಕೆಳಗೆ ಪೈಲಟ್‌ನ ಮೊದಲ ಗಮನ ನೆಲ, ಎರಡನೆಯದು ಜೊತೆಗಾರ. ಬೇರೆ ವಿಮಾನ ಹುಡುಕುವ ಸರದಿ ಆಮೇಲೆ. ಅವರು ನಿರ್ಲಕ್ಷ್ಯ ಮಾಡುತ್ತಾರೆ ಅಂತಲ್ಲ, ಕೆಲಸವೇ ಹಾಗಿದೆ.

ಪ್ರಶ್ನೆ: ಫೈಟರ್‌ನಲ್ಲಿ ರೇಡಾರ್ ಇರುತ್ತದೆ, ನಮ್ಮ ಹತ್ತಿರ ಟ್ಯಾಬ್ಲೆಟ್‌ನಲ್ಲಿ ಎಡಿಎಸ್-ಬಿ (ವಿಮಾನ ತಾನಿರುವ ಜಾಗವನ್ನು ತಾನೇ ರೇಡಿಯೋದಲ್ಲಿ ಸಾರುವ ವ್ಯವಸ್ಥೆ) ಟ್ರಾಫಿಕ್ ಕಾಣುತ್ತದೆ. ಮತ್ತೆ ಚಿಂತೆ ಯಾಕೆ?

ಉತ್ತರ: ಎರಡನ್ನೂ ಪೂರ್ತಿ ನಂಬಲಾಗದು. ಫೈಟರ್‌ನ ರೇಡಾರ್ ಇರುವುದು ವೇಗವಾಗಿ ಬರುವ ಶತ್ರು ವಿಮಾನ ಹಿಡಿಯಲು. ನಿಧಾನವಾಗಿ ಹೋಗುವ ಸಣ್ಣ ವಿಮಾನ ಅದರ ಕಣ್ಣಿಗೆ ಬೀಳದೆ ಇರಬಹುದು.

ಎಡಿಎಸ್-ಬಿ ಕಡ್ಡಾಯವಾಗಿದ್ದು 2020ರ ಜನವರಿ 1ರಿಂದ, ಅದೂ ಕೆಲವು ವಾಯುಪ್ರದೇಶಗಳಲ್ಲಿ ಮಾತ್ರ. ದೊಡ್ಡ ವಿಮಾನ ನಿಲ್ದಾಣಗಳಿಂದ ದೂರ, ಕೆಳ ಎತ್ತರದಲ್ಲಿ, ಅಂದರೆ ಈ ರೂಟ್‌ಗಳು ಇರುವ ಕಡೆ, ಬಹಳಷ್ಟು ಜಾಗದಲ್ಲಿ ಕಡ್ಡಾಯ ಇಲ್ಲ. ಸೂಕ್ಷ್ಮ ಕಾರ್ಯಾಚರಣೆಗಳಲ್ಲಿ ಅದನ್ನು ಆಫ್ ಮಾಡಲು ಸರ್ಕಾರಿ ವಿಮಾನಗಳಿಗೆ 2019ರಿಂದ ಅನುಮತಿಯೂ ಇದೆ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಮತ್ತು ಪ್ರಯಾಣಿಕರ ಜೆಟ್ ಡಿಕ್ಕಿಯಾಗಿ 67 ಜನ ಸತ್ತರಲ್ಲ, ಆ ಹೆಲಿಕಾಪ್ಟರ್ ಆಗ ಎಡಿಎಸ್-ಬಿ ಸಂದೇಶ ಕಳಿಸುತ್ತಿರಲಿಲ್ಲ. ಟ್ಯಾಬ್ಲೆಟ್ ಇಟ್ಟುಕೊಳ್ಳಿ, ಒಳ್ಳೆಯದೇ. ಪರದೆ ಖಾಲಿ ಇದೆ ಅಂತ ಆಕಾಶ ಖಾಲಿ ಅಂದುಕೊಳ್ಳಬೇಡಿ. ರೇಡಾರ್‌ಗೆ ನಿಮ್ಮ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಮಾತ್ರ ಯಾವಾಗಲೂ ಆನ್ ಇರಲಿ. ಹಗಲಲ್ಲೂ ಲ್ಯಾಂಡಿಂಗ್ ಲೈಟ್ ಹಾಕಿಕೊಳ್ಳಿ.

ಪ್ರಶ್ನೆ: ಡಿಕ್ಕಿಯಾದರೆ ತಪ್ಪು ಯಾರದು? ಮಿಲಿಟರಿಗೆ ದಾರಿ ಬಿಡಬೇಕು ಅಂತ ನಿಯಮ ಇದೆಯಾ?

ಉತ್ತರ: ಹಾಗೇನೂ ಇಲ್ಲ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ದಾರಿಗಳು ಕೂಡುತ್ತಿದ್ದರೆ ಬಲಗಡೆ ಇರುವವರಿಗೆ ದಾರಿ. ನೋಡಿ ತಪ್ಪಿಸಿಕೊಳ್ಳುವ ಹೊಣೆ ಅವರಿಗೂ ಇದೆ, ನಿಮಗೂ ಇದೆ. ನಾಗರಿಕ ವಿಮಾನಕ್ಕೆ ಟ್ರೈನಿಂಗ್ ರೂಟ್ ನಿಷೇಧವೂ ಅಲ್ಲ.

ತಪ್ಪು ಯಾರದು ಎನ್ನುವುದಕ್ಕೆ ನಡೆದ ಎರಡು ಘಟನೆ ಹೇಳುತ್ತೇನೆ. 2000ದ ನವೆಂಬರ್ 16ರಂದು ಫ್ಲೋರಿಡಾದ ಬ್ರೇಡೆಂಟನ್ ಹತ್ತಿರ ಎರಡು ಎಫ್-16 ವಿಆರ್-1098 ರೂಟ್ ಸೇರಲು ಕೆಳಗಿಳಿಯುತ್ತಿದ್ದವು. ಮುಂದಿನ ವಿಮಾನದ ನ್ಯಾವಿಗೇಶನ್ ಹಲವು ಮೈಲಿ ತಪ್ಪಿತ್ತು. ಅದು ಪೈಲಟ್‌ಗೆ ತಿಳಿಯಲಿಲ್ಲ. ಅನುಮತಿ ಇಲ್ಲದೆ ನಾಗರಿಕ ವಿಮಾನ ನಿಲ್ದಾಣದ ವಾಯುಪ್ರದೇಶಕ್ಕೇ ನುಗ್ಗಿದರು. ಸಾರಸೋಟಾದಿಂದ ಆಗಷ್ಟೇ ಹೊರಟಿದ್ದ ಸೆಸ್ನಾ 172ಕ್ಕೆ ಎರಡನೆಯ ಎಫ್-16 ಬಡಿಯಿತು. ಫೈಟರ್ ಪೈಲಟ್ ಹೊರಕ್ಕೆ ಹಾರಿ ಬದುಕಿದರು, ಸೆಸ್ನಾದ ಪೈಲಟ್ ಉಳಿಯಲಿಲ್ಲ. ಆ ಸೆಸ್ನಾ ಇದ್ದದ್ದು ರೂಟ್‌ನಲ್ಲಿ ಅಲ್ಲ, ತಾನು ಇರಬೇಕಾದ ಜಾಗದಲ್ಲೇ.

2015ರ ಜುಲೈ 7ರಂದು ಸೌತ್ ಕ್ಯಾರೊಲಿನಾದ ಮಾಂಕ್ಸ್ ಕಾರ್ನರ್‌ನಲ್ಲಿ ಇನ್ನೊಂದು. ಅಲ್ಲಿ ಟ್ರೈನಿಂಗ್ ರೂಟೂ ಇರಲಿಲ್ಲ. ಎಫ್-16 ಚಾರ್ಲ್ಸ್‌ಟನ್‌ಗೆ ಇಳಿಯುವ ಅಭ್ಯಾಸದಲ್ಲಿತ್ತು, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಜೊತೆ ಮಾತಾಡುತ್ತಿತ್ತು. ಸೆಸ್ನಾ 150 ಸಣ್ಣ ನಿಲ್ದಾಣದಿಂದ ಮೇಲೇರುತ್ತಿತ್ತು. ರೇಡಾರ್ ಪರದೆಯಲ್ಲಿ ಅದೂ ಕಾಣುತ್ತಿತ್ತು, ಆದರೆ ಕಂಟ್ರೋಲರ್ ಜೊತೆ ಸಂಪರ್ಕ ಇರಲಿಲ್ಲ. ಇರಲೇಬೇಕೆಂಬ ನಿಯಮವೂ ಅಲ್ಲಿಲ್ಲ. ಕಂಟ್ರೋಲರ್ ಎಫ್-16ಗೆ, ವಿಮಾನ ಕಾಣದಿದ್ದರೆ ಎಡಕ್ಕೆ ತಿರುಗಿ ಎಂದರು. ಆ ತಿರುವು ಫೈಟರನ್ನು ಸೆಸ್ನಾದ ದಾರಿಗೇ ತಂದಿತು. ಸೆಸ್ನಾದಲ್ಲಿದ್ದ ಇಬ್ಬರೂ ಸತ್ತರು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ, ಕಂಟ್ರೋಲರ್‌ನ ನಿರ್ಧಾರವನ್ನು ಕಾರಣ ಎಂದಿತು. ನೋಡಿ ತಪ್ಪಿಸಿಕೊಳ್ಳುವ ಪದ್ಧತಿಗೇ ಇರುವ ಮಿತಿಯನ್ನೂ ಅದರ ಜೊತೆ ಸೇರಿಸಿತು.

ಈ ಎರಡನೆಯ ಘಟನೆ ಓದಿದ ಮೇಲೆ ನಿಮಗೆ ಒಂದೇ ಒಂದು ವಿನಂತಿ. ರೇಡಾರ್ ವ್ಯಾಪ್ತಿಯಲ್ಲಿ ಹಾರುವಾಗ ಕಡ್ಡಾಯ ಇಲ್ಲದಿದ್ದರೂ ಫ್ಲೈಟ್ ಫಾಲೋಯಿಂಗ್, ಅಂದರೆ ಕಂಟ್ರೋಲರ್ ನಿಮ್ಮನ್ನು ರೇಡಾರ್‌ನಲ್ಲಿ ನೋಡುತ್ತಾ ಹತ್ತಿರದ ವಿಮಾನಗಳ ಬಗ್ಗೆ ಹೇಳುವ ಸೇವೆ, ಕೇಳಿ ಪಡೆಯಿರಿ. ಕಂಟ್ರೋಲರ್ ಮಾತು ಇಬ್ಬರಿಗೂ ಕೇಳುತ್ತಿದ್ದರೆ ಇಬ್ಬರನ್ನೂ ಸರಿಸಲು ದಾರಿ ಇರುತ್ತದೆ.

ಪ್ರಶ್ನೆ: ಜೆಟ್ ತೀರಾ ಹತ್ತಿರ ಬಂದರೆ ಆ ಹೊತ್ತಿಗೆ ಏನು ಮಾಡಲಿ? ಆಮೇಲೆ ಯಾರಿಗೆ ಹೇಳಲಿ?

ಉತ್ತರ: ಕಣ್ಣು ಅದರ ಮೇಲಿಂದ ತೆಗೆಯಬೇಡಿ. ತಿರುಗುವಾಗ ರೆಕ್ಕೆ ಅಡ್ಡ ಬಂದು ಅದು ಮರೆಯಾಗದಂತೆ ನೋಡಿಕೊಳ್ಳಿ. ವಿಮಾನ ವಾಲಿಸಿದರೆ ನಿಮ್ಮ ರೆಕ್ಕೆಯ ಅಗಲ ಅವರಿಗೆ ಕಾಣುತ್ತದೆ, ನಿಮ್ಮನ್ನು ಗುರುತಿಸುವುದು ಸುಲಭ. ಹಾದುಹೋದ ಮೇಲೆ ಅದರ ಹಿಂದಿನ ಗಾಳಿಯ ಸುಳಿಗೆ ಸಿಗದಂತೆ ದೂರ ಇರಿ.

ಇಳಿದ ಕೂಡಲೇ ಸಮಯ, ಜಾಗ, ಎತ್ತರ, ದಿಕ್ಕು ಬರೆದಿಡಿ. ತೀರಾ ಹತ್ತಿರ ಬಂದಿದ್ದರೆ ಎಫ್‌ಎಎಗೆ ವರದಿ ಮಾಡಿ. ನಾಸಾ ನಡೆಸುವ ವಾಯುಸುರಕ್ಷತಾ ವರದಿ ವ್ಯವಸ್ಥೆಗೂ ಬರೆಯಿರಿ. ನಿಮ್ಮ ಕಡೆ ಗೊತ್ತಿಲ್ಲದೆ ಏನಾದರೂ ತಪ್ಪಾಗಿದ್ದರೆ 10 ದಿನದೊಳಗೆ ಅಲ್ಲಿ ಬರೆದದ್ದು ನಿಮ್ಮ ರಕ್ಷಣೆಗೂ ಬರುತ್ತದೆ. ಹತ್ತಿರದ ವಾಯುನೆಲೆಯ ಸುರಕ್ಷತಾ ಕಚೇರಿಗೂ ಫೋನ್ ಮಾಡಿ, ಸಂಕೋಚ ಬೇಡ. ಅಮೆರಿಕದ ವಾಯುನೆಲೆಗಳಲ್ಲಿ ಡಿಕ್ಕಿ ತಪ್ಪಿಸುವುದಕ್ಕೆಂದೇ ಒಂದು ಕಾರ್ಯಕ್ರಮ ಇದೆ. ತಮ್ಮ ವಿಮಾನಗಳು ಎಲ್ಲಿ, ಯಾವ ಎತ್ತರದಲ್ಲಿ, ಎಷ್ಟು ವೇಗದಲ್ಲಿ ಹಾರುತ್ತವೆ ಎಂದು ನಕ್ಷೆ ಸಮೇತ ಕಿರುಪುಸ್ತಕ ಕೊಡುತ್ತಾರೆ. ಕರೆದರೆ ಫ್ಲೈಯಿಂಗ್ ಸ್ಕೂಲ್‌ಗೆ ಬಂದು ಪೈಲಟ್‌ಗಳೇ ಮಾತಾಡುತ್ತಾರೆ. ನಿಮ್ಮ ಸ್ಕೂಲ್‌ನಲ್ಲಿ ಅಂಥ ಭೇಟಿ ಆಗಿಲ್ಲದಿದ್ದರೆ ಇನ್‌ಸ್ಟ್ರಕ್ಟರ್ ಹತ್ತಿರ ಮಾತಾಡಿ ಕರೆಸಿ.