ಎಕ್ಸ್‌ರೇ ಇಲ್ಲದೆ ಮಕ್ಕಳ ಬೆನ್ನಿನ ಡೊಂಕು ಅಳೆಯಬಹುದಾ?

ಹನ್ನೆರಡು ವರ್ಷದ ಮಗಳಿಗೆ 18 ಡಿಗ್ರಿ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುವ ತೊಂದರೆ ಇದೆ, ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿ ಅಂದಿದ್ದಾರೆ, ಅದಿಲ್ಲದೆ ಅಳೆಯಲು ಬರುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಇಂಥ ಮಕ್ಕಳ ಬೆನ್ನು ಅಳೆಯುವುದು ನನ್ನ ದಿನನಿತ್ಯದ ಕೆಲಸ. ಎಕ್ಸ್‌ರೇಯನ್ನು ಪೂರ್ತಿ ಬಿಡಲು ಆಗುವುದಿಲ್ಲ, ಕಡಿಮೆ ಮಾಡಲು ಖಂಡಿತ ಆಗುತ್ತದೆ.

ಮೊದಲು ಆ 18 ಎಲ್ಲಿಂದ ಬಂತು ನೋಡೋಣ. ಅದು ಕಾಬ್ ಕೋನ. ಜಾನ್ ಕಾಬ್ ಎಂಬ ಅಮೆರಿಕದ ವೈದ್ಯರು 1948ರಲ್ಲಿ ಹೇಳಿಕೊಟ್ಟ ಲೆಕ್ಕ. ಡೊಂಕಿನ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಅತಿ ಜಾಸ್ತಿ ವಾಲಿದ ಎರಡು ಮೂಳೆಗಳ ನಡುವಿನ ಕೋನ ಅದು. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಒಂದೇ ಫಿಲ್ಮನ್ನು ಇಬ್ಬರು ಅಳೆದರೂ ಸುಮಾರು 5 ಡಿಗ್ರಿ ಆಚೀಚೆ ಆಗಬಹುದು. ಹಾಗಾಗಿ ಮುಂದಿನ ಸಲ 21 ಬಂತು ಅಂತ ಸುಮ್ನೆ ಗಾಬರಿ ಬೀಳಬೇಡಿ.

ನಿಮ್ಮ ಭಯಕ್ಕೆ ಕಾರಣ ಇಲ್ಲದಿಲ್ಲ. ಅಮೆರಿಕದಲ್ಲಿ 1912ರಿಂದ 1965ರವರೆಗೆ ಸ್ಕೋಲಿಯೋಸಿಸ್ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಹುಡುಗಿಯರ ದಾಖಲೆಗಳನ್ನು ಮುಂದೆ ಪರಿಶೀಲಿಸಿದರು. ಒಬ್ಬೊಬ್ಬರಿಗೂ ಸರಾಸರಿ 25ರಷ್ಟು ಎಕ್ಸ್‌ರೇ ಆಗಿತ್ತು. ಸ್ತನ ಕ್ಯಾನ್ಸರ್‌ನಿಂದ ಸತ್ತವರು ಅವರಲ್ಲಿ ನಿರೀಕ್ಷೆಗಿಂತ ಜಾಸ್ತಿ ಇದ್ದರು. ಆದರೆ ಆಗಿನ ವಿಕಿರಣದ ಪ್ರಮಾಣಕ್ಕೂ ಈಗಿನ ಡಿಜಿಟಲ್ ಯಂತ್ರಕ್ಕೂ ಹೋಲಿಕೆಯೇ ಇಲ್ಲ. ಒಂದು ಮಾತು ಮಾತ್ರ ಬಾಯಿಬಿಟ್ಟು ಕೇಳಿ: ಮಗಳ ಬೆನ್ನು ಎಕ್ಸ್‌ರೇ ಟ್ಯೂಬಿನ ಕಡೆಗೆ ಇರುವಂತೆ ನಿಲ್ಲಿಸಿ ತೆಗೆಯಲಿ. ಎದೆಗೆ ಬೀಳುವ ವಿಕಿರಣ ಅಷ್ಟರಲ್ಲೇ ಬಹಳ ಇಳಿಯುತ್ತದೆ.

ಈಗ ನಾನು ಬಳಸುವ ಸಾಧನ. ಸ್ಕೋಲಿಯೋಮೀಟರ್ ಅಂತ ಹೆಸರು, ನೋಡಲು ಗಾರೆ ಕೆಲಸದವರ ರಸಮಟ್ಟದ ಹಾಗೇ. ಬಾಗಿದ ಕೊಳವೆಯೊಳಗೆ ಪುಟ್ಟ ಗುಂಡೊಂದು ಉರುಳುತ್ತದೆ, ಕೆಳಗಡೆ ನಡುವೆ ಒಂದು ಕಚ್ಚು ಇರುತ್ತದೆ. ಮಗು ಬರಿಗಾಲಲ್ಲಿ, ಮಂಡಿ ಬಗ್ಗಿಸದೆ, ಎರಡೂ ಅಂಗೈ ಜೋಡಿಸಿ ಕೆಳಗೆ ಬಿಟ್ಟು, ನಿಧಾನಕ್ಕೆ ಮುಂದಕ್ಕೆ ಬಾಗಬೇಕು. ಡೊಂಕು ಇದ್ದರೆ ಪಕ್ಕೆಲುಬು ಒಂದು ಕಡೆ ಉಬ್ಬಿ ಕಾಣುತ್ತದೆ, ಯಾಕೆಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ. ಕಚ್ಚನ್ನು ಬೆನ್ನುಮೂಳೆಯ ಮೇಲೆ ಕೂರಿಸಿ, ಒತ್ತದೆ, ಗುಂಡು ನಿಂತ ಜಾಗ ಓದುತ್ತೇನೆ. ಎದೆಯ ಮಟ್ಟ, ನಡುಭಾಗ, ಸೊಂಟ, ಮೂರು ಕಡೆ. ಮಗು ಬಾಗುತ್ತಾ ಹೋದ ಹಾಗೆ ಪ್ರತಿ ಭಾಗವೂ ಒಂದೊಂದು ಹಂತದಲ್ಲಿ ಸಮತಟ್ಟಾಗುತ್ತದೆ, ಆಗಲೇ ಓದಬೇಕು. ಅವಸರದಲ್ಲಿ ಪೂರ್ತಿ ಬಾಗಿಸಿಬಿಟ್ಟರೆ ಮೇಲಿನ ಉಬ್ಬು ತಪ್ಪಿಹೋಗುತ್ತದೆ. ಒಂದು ಕಾಲು ಗಿಡ್ಡ ಇರಬಹುದು ಅನ್ನಿಸಿದರೆ ಸ್ಟೂಲ್ ಮೇಲೆ ಕೂರಿಸಿ ಬಾಗಿಸುತ್ತೇನೆ. ಉಬ್ಬು ಆಗ ಮಾಯವಾದರೆ ತೊಂದರೆ ಬಹುಶಃ ಕಾಲಿನದ್ದು.

ಮೊಬೈಲ್ ಆ್ಯಪ್‌ಗಳೂ ಇದೇ ಕೋನ ತೋರಿಸುತ್ತವೆ. ಫೋನಿಗೆ ಕಚ್ಚು ಇಲ್ಲವಲ್ಲ, ಎರಡು ಹೆಬ್ಬೆರಳನ್ನು ಬೆನ್ನುಮೂಳೆಯ ಆಚೀಚೆ ಇಟ್ಟು ಅದರ ಮೇಲೆ ಫೋನ್ ಹಿಡಿಯಿರಿ. ಎರಡು ತಿಂಗಳಿಗೊಮ್ಮೆ, ಒಬ್ಬರೇ ಅಳೆದರೆ ಸಾಕು. ವಾರವಾರ ಅಳೆದರೆ ಮಗುವಿಗೆ ಕಿರಿಕಿರಿ, ನಿಮಗೆ ಚಿಂತೆ. ಜೊತೆಗೆ ಎತ್ತರವನ್ನೂ ಬರೆದಿಡಿ. ಮಕ್ಕಳು ಸರ್ರನೆ ಉದ್ದವಾಗುವ ತಿಂಗಳುಗಳಲ್ಲೇ ಡೊಂಕು ಜಾಸ್ತಿಯಾಗುವುದು.

ಇಲ್ಲಿ ಬಹಳ ಜನ ಎಡವುತ್ತಾರೆ. ಸ್ಕೋಲಿಯೋಮೀಟರಿನ 7 ಡಿಗ್ರಿ, ಕಾಬ್ ಲೆಕ್ಕದ 7 ಡಿಗ್ರಿ ಅಲ್ಲ. ಇದು ತಿರುಚನ್ನು ಅಳೆಯುತ್ತದೆ, ಅದು ಬಾಗನ್ನು. ಸಾಮಾನ್ಯವಾಗಿ 5ರಿಂದ 7 ಬಂದರೆ ಮುಂದಿನ ತಪಾಸಣೆಗೆ ಕಳಿಸುತ್ತಾರೆ. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ಗುಣಾಕಾರ ಹುಡುಕಬೇಡಿ. ಮೈತುಂಬಿಕೊಂಡ ಮಕ್ಕಳಲ್ಲಿ ಉಬ್ಬು ಮುಚ್ಚಿಹೋಗಿ ಸಂಖ್ಯೆ ಕಡಿಮೆ ಬರುವುದೂ ಉಂಟು. ಮಗಳ ಇವತ್ತಿನ ಸಂಖ್ಯೆಯನ್ನು ಅವಳದೇ ಹಿಂದಿನ ಸಂಖ್ಯೆಯ ಜೊತೆ ಮಾತ್ರ ಹೋಲಿಸಿ.

ದೊಡ್ಡ ಯಂತ್ರಗಳೂ ಇವೆ. ಬೆನ್ನಿನ ಮೇಲೆ ಬೆಳಕಿನ ಪಟ್ಟೆ ಬೀಳಿಸಿ ಮೇಲ್ಮೈಯ ಆಕಾರ ಲೆಕ್ಕ ಹಾಕುವಂಥವು ಒಂದು ಬಗೆ. ಇನ್ನೊಂದು ನಿಂತಂತೆಯೇ ಮಾಡುವ ಅಲ್ಟ್ರಾಸೌಂಡ್, ಹಾಂಗ್‌ಕಾಂಗ್‌ನಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ, ಮೂಳೆಯ ಗುರುತುಗಳೇ ಕಾಣುತ್ತವೆ ಅಲ್ವಾ. ಕಾಬ್‌ಗಿಂತ ಸಂಖ್ಯೆ ಸ್ವಲ್ಪ ಕಡಿಮೆ ತೋರಿಸುತ್ತದೆ ಅಷ್ಟೇ. ಎಂಆರ್‌ಐಯಲ್ಲಿ ವಿಕಿರಣ ಇಲ್ಲ ನಿಜ, ಆದರೆ ಮಲಗಿದಾಗ ಡೊಂಕು ಕೊಂಚ ನೆಟ್ಟಗಾಗುತ್ತದೆ. ಇಒಎಸ್ ಎಂಬುದು ಎಕ್ಸ್‌ರೇಯೇ, ಪ್ರಮಾಣ ಮಾತ್ರ ಬಹಳ ಕಡಿಮೆ. 1992ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್ ಅವರ ಡಿಟೆಕ್ಟರ್‌ನಿಂದ ಹುಟ್ಟಿದ್ದು. ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಮನೆಯ ಅಳತೆ ಏರುತ್ತಿದ್ದರೆ ಎಕ್ಸ್‌ರೇ ಮುಂದೂಡಬೇಡಿ. ಬೆಳೆಯುವ ಮಗುವಿಗೆ ಸುಮಾರು 25 ಡಿಗ್ರಿ ದಾಟಿದರೆ ಬ್ರೇಸ್, ಅಂದರೆ ಮೈಗೆ ತೊಡಿಸುವ ಗಟ್ಟಿ ಆಧಾರದ ಮಾತು ಬರುತ್ತದೆ, ಆ ತೀರ್ಮಾನಕ್ಕೆ ಕಾಬ್ ಕೋನವೇ ಬೇಕು. ರಾತ್ರಿ ಎಚ್ಚರವಾಗುವಷ್ಟು ನೋವು, ಕಾಲಲ್ಲಿ ಜೋಮು ಅಥವಾ ಶಕ್ತಿ ಕುಗ್ಗಿದಂತೆ ಕಂಡರೆ ಯಾವ ಅಳತೆಗೂ ಕಾಯದೆ ತೋರಿಸಿ.

ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ರಿಸ್ಸರ್ ಎಷ್ಟು ಎಂದು ಕೇಳಿ. ಸೊಂಟದ ಮೂಳೆಯ ಅಂಚು ನೋಡಿ 0ಯಿಂದ 5ರವರೆಗೆ ಹೇಳುವ ಬೆಳವಣಿಗೆಯ ಲೆಕ್ಕ ಇದು. ಈಗಿರುವ ಫಿಲ್ಮಿನಲ್ಲಿ ಸೊಂಟ ಬಿದ್ದಿದ್ದರೆ ಹೊಸದು ಬೇಕಿಲ್ಲ. 0 ಅಥವಾ 1 ಇದ್ದರೆ ಅವಳು ಇನ್ನೂ ಸಾಕಷ್ಟು ಬೆಳೆಯಲಿದ್ದಾಳೆ, ಆರು ತಿಂಗಳ ಗಡುವು ಸರಿಯೇ. 4 ಬಂದಿದ್ದರೆ ಅಂತರ ಹೆಚ್ಚಿಸಬಹುದೇ ಎಂದು ಧೈರ್ಯವಾಗಿ ಕೇಳಿ.