ಚರ್ಚಿನ ಮಕ್ಕಳ ಮನೆಯನ್ನು ಉಳಿಸಿಕೊಳ್ಳುವುದು ಹೇಗೆ? ಇನ್ನೊಂದು ತೆರೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹಿರಿಯೂರಿನಲ್ಲಿ ನಿಮ್ಮ ಚರ್ಚಿನ ಸಭೆ ಒಂದು ಮಕ್ಕಳ ಮನೆ, ಅಂದರೆ ಆಸರೆ ಇಲ್ಲದ ಮಕ್ಕಳು ಉಳಿದುಕೊಂಡು ಓದುವ ಮನೆ, ನಡೆಸುತ್ತಿದೆ. ಬೆಂಗಳೂರಿನ ಸಂಸ್ಥೆಯೊಂದರ ಮೂಲಕ ಬರುತ್ತಿದ್ದ ಹೊರದೇಶದ ಹಣ ನಿಂತುಹೋಗಿದೆ. ಆದರೂ ನಮ್ಮ ಮಗುವನ್ನು ಸೇರಿಸಿಕೊಳ್ಳಿ ಅಂತ ಬರುವವರು ಜಾಸ್ತಿಯಾಗಿದ್ದಾರೆ. ಹಾಗಾಗಿ ಚಳ್ಳಕೆರೆ ಕಡೆ ಇನ್ನೊಂದು ಮನೆ ಕಟ್ಟುವ ಯೋಚನೆ ಇದೆ.

ನಾನು ದಾವಣಗೆರೆಯಲ್ಲಿ ನಮ್ಮ ಚರ್ಚಿನ ಮಕ್ಕಳ ಮನೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನೇರವಾಗಿ ಹೇಳಿಬಿಡುತ್ತೇನೆ. ಈಗಿರುವ ಮನೆಯನ್ನು ಊರಿನ ದುಡ್ಡಿನಲ್ಲೇ ನಡೆಸಿಕೊಂಡು ಹೋಗಿ. ಎರಡನೇ ಕಟ್ಟಡ ಬೇಡ. ಅದಕ್ಕೆ ಹಾಕುವ ಹಣವನ್ನು ಮಕ್ಕಳ ಸ್ವಂತ ಮನೆಗಳಿಗೆ ತಲುಪಿಸಿ.

ಹೊರದೇಶದ ಹಣ ಮತ್ತೆ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ. 2020ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಒಂದು ಸಂಸ್ಥೆ ವಿದೇಶದಿಂದ ತರಿಸಿಕೊಂಡ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಸಣ್ಣ ಮನೆಗಳಿಗೆ ಪೆಟ್ಟು ಬಿದ್ದದ್ದೇ ಅಲ್ಲಿ. ಈಗ ನಿಮ್ಮದೇ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು, ಆಡಳಿತದ ಖರ್ಚು ಶೇ 20 ದಾಟಬಾರದು. ಮಾಡಬಾರದು ಅಂತಲ್ಲ, ಮಾಡಿ. ಆದರೆ ಮಕ್ಕಳ ಅನ್ನ ಅದರ ಮೇಲೆ ನಿಂತಿರಬಾರದು. 2017ರಲ್ಲಿ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅನ್ನುವ ಅಮೆರಿಕದ ಕ್ರೈಸ್ತ ಸೇವಾ ಸಂಸ್ಥೆ ಭಾರತದಲ್ಲಿ ಕೆಲಸ ನಿಲ್ಲಿಸಿದಾಗ ದೇಶದಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ನೆರವು ನಿಂತಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ನಮ್ಮಂಥವರ ಪಾಡು ಏನು ಹೇಳಿ.

ಊರಿನವರು ಕೊಡುತ್ತಾರಾ? ಕೊಡುತ್ತಾರೆ. ಸಿರಿಗೆರೆ, ಸಿದ್ಧಗಂಗೆ ಮಠಗಳಿಗೆ ರೈತರು ಮೂಟೆಗಟ್ಟಲೆ ಧಾನ್ಯ ತಂದು ಹಾಕುವುದನ್ನು ನೋಡಿ ಬೆಳೆದ ಸೀಮೆ ಇದು. ಓದುವ ಮಕ್ಕಳ ಊಟಕ್ಕೆ ಅಂದರೆ ಇಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಥರದ್ದನ್ನು ಕೊಡುತ್ತಾರೆ. ಡಿಸೆಂಬರ್‌ನಲ್ಲಿ ನಮ್ಮ ಸ್ಟೋರ್ ರೂಮಿನಲ್ಲಿ ಕಂಬಳಿ, ಕೇಕು, ಬಿಸ್ಕತ್ತಿನ ಡಬ್ಬಿ ಇಡಲು ಜಾಗ ಇರುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನೋಟ್‌ಬುಕ್ಕು, ಶೂ, ಸಮವಸ್ತ್ರದ ಹೊಲಿಗೆ ಕೂಲಿ, ಬಸ್ ಪಾಸು ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ, ಆಗ ಕೈಯಲ್ಲಿ ಕಾಸಿರುವುದಿಲ್ಲ. ಮಗನ ಹುಟ್ಟುಹಬ್ಬಕ್ಕೆ ಬಿರಿಯಾನಿ ಹಾಕಿಸುತ್ತೇನೆ ಅನ್ನುವವರು ಬೇಕಾದಷ್ಟು ಜನ, ಕರೆಂಟ್ ಬಿಲ್ ಕಟ್ಟುತ್ತೇನೆ ಅನ್ನುವವರು ಯಾರೂ ಇರಲಿಲ್ಲ.

ನಾವು ಮಾಡಿದ್ದು ಇಷ್ಟೇ. ತಿಂಗಳ ಖರ್ಚನ್ನು ಬಿಡಿಬಿಡಿಯಾಗಿ ಬರೆದು ಚರ್ಚಿನ ಬಾಗಿಲ ಪಕ್ಕ ಅಂಟಿಸಿದೆವು. ಗ್ಯಾಸ್ ಸಿಲಿಂಡರ್, ತಲೆಗೆ ಹಚ್ಚುವ ಎಣ್ಣೆ, ಹೆಣ್ಣುಮಕ್ಕಳ ಪ್ಯಾಡು, ಅಡುಗೆಯವರ ಸಂಬಳ, ಹಲ್ಲಿನ ಡಾಕ್ಟರ ಫೀಸು, ಒಂದೊಂದಕ್ಕೂ ಒಂದು ಸಾಲು, ಮುಂದೆ ಹೆಸರು ಬರೆಯಲು ಖಾಲಿ ಜಾಗ. ಜನ ತಾವಾಗಿಯೇ ಬರೆದರು. ನಮ್ಮ ಸಭೆಯವರೇ ಅಲ್ಲ, ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು, ಮುಸ್ಲಿಮರು, ಪ್ರತಿ ತಿಂಗಳ ಸಿಲಿಂಡರ್ ತಮ್ಮದು ಅಂತ ಒಪ್ಪಿಕೊಂಡರು. ಚರ್ಚಿನ ಸುಗ್ಗಿ ಹಬ್ಬದ ಕಾಣಿಕೆಯಲ್ಲಿ ಬರುವ ಭತ್ತ, ರಾಗಿ, ಜೋಳ ಹರಾಜಿಗೆ ಹೋಗದೆ ನೇರ ಅಡುಗೆ ಮನೆಗೆ ಬರಲಿ ಅಂತ ಸಭಾಪಾಲಕರ ಹತ್ತಿರ ಕೇಳಿಕೊಂಡೆವು. ನೂರು ಮನೆಗಳು ತಿಂಗಳಿಗೆ 500 ರೂಪಾಯಿ ಕೊಟ್ಟರೆ 50,000 ಆಗುತ್ತದೆ. ಒಬ್ಬರು ಕೊಡುವುದು ನಿಲ್ಲಿಸಿದರೂ ಮನೆ ಮುಚ್ಚುವುದಿಲ್ಲ. ಒಬ್ಬನೇ ದೊಡ್ಡ ದಾನಿ ಕೊಡುವ 50,000ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಸಂಸ್ಥೆಗೂ ದಾನಿಗಳಿಗೂ ತೆರಿಗೆ ರಿಯಾಯಿತಿ ಸಿಗುವ ಆದಾಯ ತೆರಿಗೆ ಇಲಾಖೆಯ ನೋಂದಣಿ (12ಎ, 80ಜಿ ಅಂತ ಕರೆಯುವುದು) ಇಲ್ಲದಿದ್ದರೆ ಮಾಡಿಸಿಕೊಳ್ಳಿ, ಕಂಪನಿಗಳು ಸಮಾಜ ಸೇವೆಗೆ ತೆಗೆದಿಡುವ ಸಿಎಸ್‌ಆರ್ ಹಣ ಬೇಕಿದ್ದರೆ ಸಿಎಸ್‌ಆರ್-1 ಫಾರ್ಮೂ ತುಂಬಬೇಕು. ಮತ್ತೆ ಲೆಕ್ಕ. ಮೂರು ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಬಂದದ್ದು, ಹೋದದ್ದು ಎಲ್ಲ ಓದಿ ಹೇಳಿ. ಎಲ್ಲರ ಮುಂದೆ.

ಬಂದ ಹಣದಲ್ಲಿ ಮೊದಲ ಪಾಲು ಮಕ್ಕಳ ಜೊತೆ ಇರುವ ಅಕ್ಕಂದಿರ ಸಂಬಳಕ್ಕೆ ಹೋಗಲಿ. ಸೇವೆ ಅಂತ ಹೇಳಿ ಅವರಿಗೆ ಕಡಿಮೆ ಕೊಡುವುದು ನಮ್ಮ ಸಭೆಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ. ನನಗೆ ಇದು ತುಂಬಾ ನೋವಿನ ವಿಷಯ. ರಾತ್ರಿ ಹನ್ನೊಂದಕ್ಕೆ ಹಾಸಿಗೆ ಒದ್ದೆ ಮಾಡಿಕೊಂಡ ಆರು ವರ್ಷದ ಹುಡುಗನನ್ನು ಎಬ್ಬಿಸಿ, ಬೇರೆ ಹುಡುಗರಿಗೆ ಗೊತ್ತಾಗದ ಹಾಗೆ ಚಡ್ಡಿ ಬದಲಾಯಿಸಿ, ಚಾದರ ನೆನೆಹಾಕಿ, ಅವನ ಪಕ್ಕದಲ್ಲೇ ಕೂತು ಮಲಗಿಸುವವಳು ಅವಳು. ಸಂಬಳ ಸಾಲದೆ ಅವಳು ವರ್ಷಕ್ಕೆ ಬಿಟ್ಟು ಹೋದರೆ ಆ ಹುಡುಗ ಇನ್ನೊಮ್ಮೆ ತಾಯಿಯನ್ನು ಕಳೆದುಕೊಂಡ ಹಾಗೆಯೇ. ಹೊಸ ಕಟ್ಟಡದ ಮೊದಲು ಇವಳಿಗೆ ಪಿಎಫ್ ಮಾಡಿಸಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆದರೆ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸರ್ಕಾರದ ಹಣ ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ, ಇಂಥ ಮನೆಗೆ ನೋಂದಣಿ ಕಡ್ಡಾಯ. ನಾವು ಬರೀ ಹಾಸ್ಟೆಲ್ ಅಂತ ಬೋರ್ಡು ಹಾಕಿಕೊಂಡರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನೋಂದಣಿ ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ ಕಡಿಮೆ ಅಂದರೂ 1 ಲಕ್ಷ ದಂಡ, ಅಥವಾ ಎರಡೂ. ಯಾರೋ ಬಾಗಿಲಿಗೆ ಮಗು ತಂದು ಬಿಟ್ಟರೆ ಕರುಣೆಯಿಂದ ಸುಮ್ನೆ ಒಳಗೆ ಸೇರಿಸಿಕೊಳ್ಳುವಂತಿಲ್ಲ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮಕ್ಕಳ ಫೋಟೋ, ಹೆಸರು, ಅವರ ಕಷ್ಟದ ಕಥೆ ಫೇಸ್‌ಬುಕ್ಕಿಗೆ, ವಾಟ್ಸಾಪ್ ಗುಂಪಿಗೆ ಹಾಕಿ ಹಣ ಕೇಳಬೇಡಿ. 74ನೇ ಸೆಕ್ಷನ್ ಮಗುವಿನ ಗುರುತು ಬಯಲು ಮಾಡುವುದನ್ನು ತಡೆಯುತ್ತದೆ. ಕಾನೂನು ಇಲ್ಲದಿದ್ದರೂ, ನಾಳೆ ಕಾಲೇಜಿಗೆ ಹೋಗುವ ಹುಡುಗಿಗೆ ತನ್ನ ಹಳೇ ಫೋಟೋ ಎದುರಾಗಬಾರದು ಅಲ್ವಾ. ಬೇರೆ ಧರ್ಮದ ಮನೆಯಿಂದ ಬಂದ ಮಕ್ಕಳನ್ನು ಪ್ರಾರ್ಥನೆಗೆ ಕೂರಲೇಬೇಕು ಅಂತ ಒತ್ತಾಯ ಮಾಡಬೇಡಿ. ಯುಗಾದಿಗೋ ರಂಜಾನ್‌ಗೋ ಮನೆಯವರು ಕರೆದುಕೊಂಡು ಹೋಗಲು ಬಂದರೆ ಸಂತೋಷದಿಂದ ಕಳುಹಿಸಿ.

ಈಗ ಇನ್ನೊಂದು ಮನೆಯ ವಿಷಯ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿ ಮಿಷನರಿಗಳು ಅನಾಥ ಮಕ್ಕಳ ಮನೆ ತೆರೆದಾಗ, ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ನಿಜವಾಗಿಯೂ ಯಾರೂ ಉಳಿದಿರಲಿಲ್ಲ. ಇವತ್ತು ನಮ್ಮ ಬಾಗಿಲಿಗೆ ಬರುವವರು ಅಂಥವರಲ್ಲ. ಅಪ್ಪ ತೀರಿಕೊಂಡಿರುತ್ತಾನೆ ಅಥವಾ ಬಿಟ್ಟು ಹೋಗಿರುತ್ತಾನೆ, ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೋ ಮಲೆನಾಡಿನ ತೋಟಕ್ಕೋ ಗುಳೆ ಹೋಗಿರುತ್ತಾಳೆ, ಮನೆಯಲ್ಲಿ ಅಜ್ಜಿ ಒಬ್ಬಳೇ. ಜಗಳೂರು ಕಡೆಯ ಒಬ್ಬ ಹುಡುಗಿಯನ್ನು ಹೀಗೇ ಕರೆತಂದರು. ಅಜ್ಜಿಗೆ ಅವಳನ್ನು ಬಿಟ್ಟಿರಲು ಇಷ್ಟವಿರಲಿಲ್ಲ, ಊಟ ಮತ್ತು ಓದಿನ ಖರ್ಚಿಗೆ ದಾರಿ ಇರಲಿಲ್ಲ ಅಷ್ಟೇ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಗು ಸ್ವಂತ ಮನೆಯಲ್ಲೇ ಇದ್ದರೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ, ಅಂದರೆ ಮಗುವಿನ ಖರ್ಚಿಗೆ ಸಹಾಯಧನ, ಇದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000, ಬೇರೆ ಕಡೆ 96,000 ದಾಟಿರಬಾರದು. ಮಕ್ಕಳ ಮನೆಗೆ ಸರ್ಕಾರ ಕೊಡುವ ನಿರ್ವಹಣಾ ಅನುದಾನ ಒಂದು ಮಗುವಿಗೆ ತಿಂಗಳಿಗೆ 3,000 ಮಾತ್ರ. ಅರ್ಜಿಗೆ ಬೇಕಾದ ಕಾಗದ ನಾವು ಓಡಾಡಿ ಮಾಡಿಸಿದೆವು, ನಮ್ಮ ಮಹಿಳಾ ಸಂಘದವರು ಅಜ್ಜಿಗೆ ಎರಡು ಕುರಿಮರಿ ಕೊಡಿಸಿದರು. ಹುಡುಗಿ ಈಗ ಊರಿನ ಶಾಲೆಗೇ ಹೋಗುತ್ತಾಳೆ. ರಾತ್ರಿ ಅಜ್ಜಿಯ ಪಕ್ಕ ಮಲಗುತ್ತಾಳೆ.

ನಾನು ವಿಸ್ತರಣೆ ಅನ್ನುವುದು ಇದಕ್ಕೆ. ಯಾಕೋಬನ ಪತ್ರಿಕೆ 1:27ರಲ್ಲಿ ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೇ ಹೇಳಿದೆ. ನಾವು ಮಗುವನ್ನು ಇಟ್ಟುಕೊಂಡು ವಿಧವೆಯನ್ನು ವಾಪಸ್ ಕಳುಹಿಸುತ್ತಿದ್ದೇವೆ. ಬರೀ ಓದಿಗಾಗಿ ಬಂದವರಿಗೆ ಸರ್ಕಾರಿ ಹಾಸ್ಟೆಲ್, ಮೊರಾರ್ಜಿ ದೇಸಾಯಿ ವಸತಿ ಶಾಲೆ ಇವೆ, ಅರ್ಜಿ ತುಂಬಿಸಿ ಕೊಡುವುದೂ ಸೇವೆಯೇ. ಆಗ ನಿಮ್ಮ ಮನೆಯ ಹಾಸಿಗೆಗಳು ನಿಜವಾಗಿಯೂ ಯಾರೂ ಇಲ್ಲದವರಿಗೆ, ಮನೆಯಲ್ಲೇ ಹಿಂಸೆಗೆ ಒಳಗಾದವರಿಗೆ ಉಳಿಯುತ್ತವೆ. ಅಂಥವರಿಗೆ ಮಕ್ಕಳ ಮನೆ ಬೇಕೇ ಬೇಕು.

ಇಷ್ಟಾದ ಮೇಲೂ ಕಟ್ಟಲೇಬೇಕು ಅಂತಿದ್ದರೆ, 18 ತುಂಬಿದವರಿಗೆ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಒಂದು ಸಣ್ಣ ಬಾಡಿಗೆ ಮನೆ ಮಾಡಿ. 18 ಆದ ದಿನ ಪೆಟ್ಟಿಗೆ ಕೊಟ್ಟು ಕಳುಹಿಸಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು? ಅವರಿಗೂ ಮಿಷನ್ ವಾತ್ಸಲ್ಯದಲ್ಲೇ ತಿಂಗಳಿಗೆ 4,000 ಇದೆ, ಸಾಮಾನ್ಯವಾಗಿ 21 ವರ್ಷದವರೆಗೆ.

ಮೊದಲು ಚಿತ್ರದುರ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಬನ್ನಿ. ನಿಮ್ಮ ಬಾಗಿಲಿಗೆ ಬಂದ ಮಕ್ಕಳ ಪಟ್ಟಿ ಜೊತೆಗಿರಲಿ. ತಾಯಿ ಇದ್ದಾರಾ, ಯಾರ ಜೊತೆ ಇದ್ದಾರೆ, ಶಾಲೆ ಯಾವುದು, ಆದಾಯ ಪ್ರಮಾಣಪತ್ರ ಇದೆಯಾ, ತಂದೆಯ ಮರಣ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಈ ಕಾಗದಗಳಲ್ಲಿ ಒಂದಿಲ್ಲದಿದ್ದರೂ ಪ್ರಾಯೋಜಕತ್ವದ ಅರ್ಜಿ ಅಲ್ಲೇ ನಿಲ್ಲಬಹುದು. ಅದಕ್ಕಾಗಿ ನಾಡಕಚೇರಿಗೆ ಓಡಾಡಲು ನಿಮ್ಮ ಯೌವನಸ್ಥರ ಸಂಘದಲ್ಲಿ ಇಬ್ಬರನ್ನು ಈಗಲೇ ನೇಮಿಸಿಕೊಳ್ಳಿ.